ಟೈಪಿಸ್ಟ್ ಬಾಯಿ ತೆಗೆದ ಸಿನಿಮಾ

ಮೊನ್ನೆ ನಮ್ಮ ಆಫೀಸಿನ ಕಪಾಟುಗಳನ್ನು ಖಾಲಿ ಮಾಡುವಾಗ ಹಳೆಯ ಪತ್ರಗಳ ಒಂದು ದಪ್ಪ ಫೈಲು ಸಿಕ್ಕಿತು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಆಗಿದೆ, ಇವನ್ನು ಹರಿದು ಬಿಸಾಡಿ ಎಂದು ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಹೇಳಿದ್ದರು. ಹರಿಯುವ ಮೊದಲು ಓದುವುದು ನನ್ನ ಚಟ. ದಿನಸಿ ಕಟ್ಟಿ ತಂದ ಪೇಪರನ್ನೂ ಬಿಡಿಸಿ ಓದುವವಳು ನಾನು, ಇನ್ನು ನಾನೇ ಟೈಪ್ ಮಾಡಿದ ಪತ್ರಗಳನ್ನು ಬಿಡುವುದುಂಟೇ? ಸಿಮೆಂಟು ಬರಲಿಲ್ಲ, ಕ್ರೇನು ಬಂತು, ಬಂದ ಕ್ರೇನು ಕೆಟ್ಟಿತು. ಇಪ್ಪತ್ತೇಳು ವರ್ಷ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದೇ ಕಟ್ಟಡದ ಒಂದೇ ಕಿಟಕಿಯ ಪಕ್ಕ ಕೂತು ನಾನು ಲೋಕಕ್ಕೆ ತಿಳಿಸಿದ್ದು ಇಷ್ಟೇ.

ಆದರೆ ಪ್ರತಿ ಪತ್ರದ ಕೆಳಗೆ, ಎಡಮೂಲೆಯಲ್ಲಿ, ಒಂದು ಗುರುತು ಇತ್ತು. ಸಾಹೇಬರ ಹೆಸರಿನ ಅಕ್ಷರಗಳು ದೊಡ್ಡದಾಗಿ, ಆಮೇಲೊಂದು ಓರೆಗೆರೆ, ಅದರಾಚೆ ನನ್ನ ಹೆಸರಿನ ಎರಡಕ್ಷರ ಚಿಕ್ಕದಾಗಿ. ಹೇಳಿದವರು ಅವರು, ಬಡಿದವಳು ಇವಳು ಎಂದು ಅದರ ಅರ್ಥ. ಮಂಗಳೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನು ಕಲಿಸುವಾಗ ನಮ್ಮ ಮಾಸ್ಟ್ರು ಕಾರಣವನ್ನೂ ಹೇಳಿದ್ದರು: "ತಪ್ಪಾದ್ರೆ ಯಾರಿಗೆ ಬೈಯ್ಬೇಕು ಅಂತ ಗೊತ್ತಾಗ್ಲಿಕ್ಕೆ." ನನಗಿಲ್ಲಿ ಐದು ಮಂದಿ ಸಾಹೇಬರು ಬದಲಾದರು. ದೊಡ್ಡ ಅಕ್ಷರಗಳು ಐದು ಸಲ ಬದಲಾದರೂ ಚಿಕ್ಕವು ಹಾಗೆಯೇ ಉಳಿದಿದ್ದವು. ಫೈಲನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ನೆನಪಾದದ್ದು ಯುರೋಪಿನ ಒಬ್ಬ ಸಿನಿಮಾ ನಿರ್ದೇಶಕಿ. ನಗಬೇಡಿ, ಹೇಳುತ್ತೇನೆ.

ನನ್ನ ಮಗಳು ರಿಯಾ ದುಬೈಯಲ್ಲಿ ಸಿನಿಮಾ, ಟಿ.ವಿ. ಇತ್ಯಾದಿಗಳ ಬಗ್ಗೆ ಓದುತ್ತಿದ್ದಾಳೆ. ವಾರವಿಡೀ ಹಾಸ್ಟೆಲಿನಲ್ಲಿದ್ದು ಶನಿವಾರ ಬಟ್ಟೆಗಂಟು ಹೊತ್ತು ಅಬುಧಾಬಿಯ ಬಸ್ಸು ಹತ್ತುತ್ತಾಳೆ. ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡೇ ಬೆರಳಿನಲ್ಲಿ ಕುಟ್ಟುತ್ತಿದ್ದಳು. ಕೋಳಿ ಅಕ್ಕಿ ಹೆಕ್ಕಿದ ಹಾಗೆ. ನೋಡಿ ನನಗೆ ತಡೆಯಲಾಗಲಿಲ್ಲ.

"ಏಳು ಆಚೆ. ನೀನು ಹೇಳು, ನಾನು ಟೈಪ್ ಮಾಡ್ತೇನೆ."

"ಮಮ್ಮಾ, ಇಟ್ಸ್ ಮೈ ಅಸೈನ್‌ಮೆಂಟ್."

"ನಿಂದೇ ಇರ್ಲಿ. ಬೆರಳು ಮಾತ್ರ ನಂದು."

ಹೀಗೆ ಅವಳು ಕೋಣೆಯ ಉದ್ದಕ್ಕೂ ಓಡಾಡುತ್ತಾ ಹೇಳಿದಳು, ನಾನು ಟೈಪ್ ಮಾಡಿದೆ. ಆರನೆಯ ಸಾಹೇಬರು ನನ್ನ ಮಗಳೇ ಆದಂತಾಯಿತು. ವಿಷಯ ಮೂಕಿ ಚಿತ್ರಗಳ ಕಾಲದ, ಈಗ ಹೆಚ್ಚು ಕಡಿಮೆ ಎಲ್ಲರೂ ಮರೆತ ಒಬ್ಬ ನಿರ್ದೇಶಕಿ. ಹೆಸರು ಲುದ್ವಿಕಾ. ಅಡ್ಡಹೆಸರಿನಲ್ಲಿ ಸ್ವರಕ್ಕಿಂತ ವ್ಯಂಜನವೇ ಜಾಸ್ತಿ, ನನ್ನ ನಾಲಗೆ ಹೊರಳುವುದಿಲ್ಲ. ಆದರೆ ಲುದ್ವಿಕಾ ಎಂದ ಕೂಡಲೇ ನನಗೆ ನಗು ಬಂತು. ನನ್ನ ಅಪ್ಪನ ಅಕ್ಕ ಲುದ್ವಿನಾ. ಯುರೋಪಿನವರು ಎಂದೋ ಕೈಬಿಟ್ಟ ಇಂಥ ಹೆಸರುಗಳನ್ನು ನಮ್ಮ ಕಡೆಯ ಕ್ರಿಸ್ತುವರು ಜೋಪಾನವಾಗಿ ಕಾಪಾಡಿದ್ದೇವೆ. ಲುದ್ವಿನಾ, ಸೆವೆರಿನ್, ಎಲಿಜಾ ಎಂದು ಕೂಗಿದರೆ ಇಂದು ಅಲ್ಲಿ ಯಾರೂ ತಿರುಗಿ ನೋಡಲಾರರು. ಕಿನ್ನಿಗೋಳಿಯ ಮೀನು ಮಾರ್ಕೆಟಿನಲ್ಲಿ ಕೂಗಿದರೆ ಮೂವರು ಹೆಂಗಸರು "ಎಂತ?" ಅನ್ನುತ್ತಾರೆ.

ಲುದ್ವಿನಾ ಅತ್ತೆಗೂ ಸಿನಿಮಾಕ್ಕೂ ಸಂಬಂಧ ಇಲ್ಲದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಇಗರ್ಜಿಯ ಹಾಲಿನಲ್ಲಿ ಪಾದ್ರಿಗಳು ಒಬ್ಬ ಸಂತಳ ಕಥೆಯ ಸಿನಿಮಾ ತರಿಸಿದ್ದರು. ಬಿಳಿಯ ಚಾದರ ಕಟ್ಟಿದರು, ಪ್ರೊಜೆಕ್ಟರು ತಿರುಗಿತು, ಸಂತಳು ಬಾಯಿ ತೆರೆದಳು, ಸ್ವರ ಮಾತ್ರ ಬರಲಿಲ್ಲ. ಸ್ವರದ ಪೆಟ್ಟಿಗೆ ಕೆಟ್ಟಿತ್ತು. ಐದು ನಿಮಿಷ ಎಲ್ಲರೂ ಕಾದರು. ಆಮೇಲೆ ಹೆಂಗಸರ ಸಾಲಿನಿಂದ ನಮ್ಮ ಅತ್ತೆ ಎದ್ದು ನಿಂತು, ಸಂತಳು ಬಾಯಿ ತೆರೆದಾಗಲೆಲ್ಲ ತಾನೇ ಕೊಂಕಣಿಯಲ್ಲಿ ಮಾತಾಡತೊಡಗಿದಳು. ಅರ್ಧ ಗಂಟೆಯಲ್ಲಿ ಆ ಸಂತಳಿಗೆ ಒಬ್ಬ ಜಿಪುಣ ಅಣ್ಣನೂ, ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಅತ್ತೆಯೂ ಹುಟ್ಟಿಕೊಂಡರು. ಮದುವೆಯೇ ಆಗದ ಸಂತಳಿಗೆ ಅತ್ತೆ ಎಲ್ಲಿಂದ ಬಂದಳು ಎಂದು ಪಾದ್ರಿಗಳು ಕೇಳಲಿಲ್ಲ. ಅವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇರಲಿ, ಯುರೋಪಿನ ಲುದ್ವಿಕಾಳ ಕಥೆಗೆ ಬರುತ್ತೇನೆ. ಅವಳು ಕೈಗವಸು ಮಾರುವವನ ಮಗಳು. ಸಿನಿಮಾ ತಯಾರಿಸುವ ಒಂದು ಸಣ್ಣ ಕಂಪೆನಿಯಲ್ಲಿ ಟೈಪಿಸ್ಟ್ ಆಗಿ ಸೇರಿದಳು. ಇದನ್ನು ರಿಯಾ ಹೇಳಿದ ಕೂಡಲೇ ನನ್ನ ಬೆರಳು ನಿಂತವು.

"ಟೈಪಿಸ್ಟಾ?"

"ಯೆಸ್ ಮಮ್ಮಾ, ಲೈಕ್ ಯು. ಟೈಪ್ ಮಾಡು."

ಪತ್ರ ಟೈಪ್ ಮಾಡುವುದರ ಜೊತೆಗೆ, ದೃಶ್ಯಗಳ ನಡುವೆ ತೆರೆಯ ಮೇಲೆ ಬರುವ ಬರಹದ ಪಟ್ಟಿಗಳನ್ನು ಬರೆಯುವುದೂ ಅವಳದೇ ಕೆಲಸವಾಯಿತು. "ಮರುದಿನ", "ತಾಯಿಯ ಮನೆಯಲ್ಲಿ", "ಅಯ್ಯೋ!" ಎಂಬಿತ್ಯಾದಿ. ಒಮ್ಮೆ ನಿರ್ದೇಶಕನಿಗೆ ಜ್ವರ ಬಂತು. ನಟರು ಬಂದು ಕೂತಿದ್ದರು, ಬಿಸಿಲು ಇಳಿಯುತ್ತಿತ್ತು, ಇಡೀ ಕಥೆ ಕಂಠಪಾಠ ಇದ್ದವಳು ಟೈಪಿಸ್ಟ್ ಒಬ್ಬಳೇ. ಆ ದಿನದ ಕೆಲಸ ಅವಳು ಮುಗಿಸಿದಳು. ಮುಂದಿನ ಸಿನಿಮಾವನ್ನೂ ಅವಳೇ ತೆಗೆದಳು, ಅದರ ಮುಂದಿನದನ್ನೂ. ನಟರು ಸ್ವಂತ ಹಳೆಯ ಚಪ್ಪಲಿಯಲ್ಲೇ ಬರಬೇಕೆಂಬುದು ಅವಳ ಕಟ್ಟುನಿಟ್ಟು. ಹೊಸ ಬೂಟು ಹಾಕಿದವನು ಎಷ್ಟು ಅತ್ತರೂ ಕಾಲು ಕಚ್ಚುವುದಕ್ಕೆ ಅತ್ತ ಹಾಗೆ ಕಾಣುತ್ತದೆ ಎನ್ನುತ್ತಿದ್ದಳಂತೆ. ಆಮೇಲೆ ಯುದ್ಧ ಬಂತು, ಕಂಪೆನಿ ಮುಚ್ಚಿತು, ಸಿನಿಮಾ ಸುರುಳಿಗಳನ್ನು ಅವುಗಳಲ್ಲಿದ್ದ ಚೂರು ಬೆಳ್ಳಿಯ ಆಸೆಗೆ ಕರಗಿಸಿದರು. ಕಂಪೆನಿಯ ಯಜಮಾನ ಮುದುಕನಾದ ಮೇಲೆ ತನ್ನ ಆತ್ಮಕಥೆಯಲ್ಲಿ ಆ ಎಲ್ಲ ಸಿನಿಮಾಗಳನ್ನು ತಾನೇ ತೆಗೆದೆ ಎಂದು ಬರೆದ. ಅದಾದ ಎಷ್ಟೋ ವರ್ಷಕ್ಕೆ ಯಾರೋ ಪುಣ್ಯಾತ್ಮರು ಹುಡುಕಿಕೊಂಡು ಹೋದಾಗ ಲುದ್ವಿಕಾ ತಂಗಿಯ ಮಗಳ ಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ನಿಮಗೂ ಆ ಸಿನಿಮಾಗಳಿಗೂ ಏನು ಸಂಬಂಧ ಎಂದು ಕೇಳಿದರು. ಅವಳು ಹೇಳಿದ್ದು ಒಂದೇ ಮಾತು: "ನಾನು ಅಲ್ಲಿ ಟೈಪ್ ಮಾಡುತ್ತಿದ್ದೆ."

ಅಲ್ಲಿಗೆ ನನ್ನ ಬೆರಳು ಎರಡನೆಯ ಸಲ ನಿಂತವು. ನನಗೆ ಸಿಟ್ಟು ಬಂತು. ಯಜಮಾನನ ಮೇಲಲ್ಲ, ಅವಳ ಮೇಲೆಯೇ. ಕೇಳಿಕೊಂಡು ಬಂದಿದ್ದಾರಲ್ಲ ಮಾರಾಯ್ತಿ, ಬಾಯಿ ಬಿಡಲಿಕ್ಕೆ ಏನಾಗಿತ್ತು?

ಅವಳ ಸಿನಿಮಾಗಳಲ್ಲಿ ಉಳಿದದ್ದು ಕೆಲವೇ ನಿಮಿಷ. ರಿಯಾ ಅದನ್ನು ತೋರಿಸಿದಳು. ಒಬ್ಬಳು ಹೆಂಗಸು ಗಾಳಿಯಲ್ಲಿ ಬಟ್ಟೆ ಹರವುತ್ತಾಳೆ, ಬಟ್ಟೆ ಅವಳ ಮುಖಕ್ಕೇ ಬಂದು ಅಂಟುತ್ತದೆ, ಅವಳು ನಮ್ಮ ಕಡೆ ತಿರುಗಿ ನಗುತ್ತಾಳೆ. ಕ್ಯಾಮೆರಾದ ಹಿಂದಿನಿಂದ ಲುದ್ವಿಕಾ ಏನೋ ತಮಾಷೆ ಹೇಳಿರಬೇಕು. ನಾನು ಅದನ್ನು ಆ ದಿನ ಹತ್ತು ಸಲ ನೋಡಿದೆ, ಆಮೇಲೆ ಲೆಕ್ಕ ಇಡಲಿಲ್ಲ.

ಇದಾಗಿ ಎರಡು ತಿಂಗಳಿಗೆ ನಮ್ಮ ಸಂಘದ ಸಭೆ ನಡೆಯಿತು. ನಮ್ಮದು ಕರಾವಳಿಯವರ ಸಣ್ಣ ಸಂಘ. ಅಧ್ಯಕ್ಷರು ದುಬೈ ಮಿರ್ದಿಫ್‌ನ ಶೆಟ್ರು, ಕಾರ್ಯದರ್ಶಿ ನಾನು. ಕ್ರಿಸ್ತುವರ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ಅವರಿಗೆ ನಾನು 'ಬಾಯಿ'. ಆಫೀಸಿನಲ್ಲೂ ಕಾರ್ಯದರ್ಶಿ, ಸಂಘದಲ್ಲೂ ಕಾರ್ಯದರ್ಶಿ, ಸತ್ತ ಮೇಲೆ ಸ್ವರ್ಗದ ಬಾಗಿಲಲ್ಲೂ ಹಾಜರಿ ಪುಸ್ತಕ ನನ್ನ ಕೈಗೇ ಕೊಡುತ್ತಾರೆ ಎಂದು ಕಾಣುತ್ತದೆ. ವಾರ್ಷಿಕೋತ್ಸವಕ್ಕೆ ಒಂದು ಕಿರುಚಿತ್ರ ತೆಗೆಯೋಣ ಎಂದು ತೀರ್ಮಾನವಾಯಿತು. ಯಾವ ಭಾಷೆಯಲ್ಲಿ ಎಂಬಲ್ಲಿ ಜಗಳ ಸುರುವಾಯಿತು. ತುಳು ಎಂದರು, ಕನ್ನಡ ಎಂದರು, ಕೊಂಕಣಿಗೆ ಅನ್ಯಾಯ ಎಂದರು. ಡಿಸ್ಕವರಿ ಗಾರ್ಡನ್ಸ್‌ನಿಂದ ಬಂದಿದ್ದ ಹಾಜಿರಾ, ನನ್ನ ಹಳೆಯ ಬ್ಯಾರಿ ಗೆಳತಿ, "ಬ್ಯಾರಿ ಭಾಷೆಯಲ್ಲಿ ಎಂತಕ್ಕೆ ಆಗುದಿಲ್ಲ?" ಎಂದು ಸೊಂಟಕ್ಕೆ ಕೈಕೊಟ್ಟಳು. ಮಕ್ಕಳು ಇಂಗ್ಲಿಷಾದರೆ ಮಾತ್ರ ನೋಡುತ್ತೇವೆ ಎಂದರು. ನಾನು ನಡಾವಳಿ ಬರೆಯುತ್ತಿದ್ದವಳು ತಲೆ ಎತ್ತಿ, "ಮಾತೇ ಬೇಡ ಅಂತ ಮಾಡುವಾ?" ಎಂದುಬಿಟ್ಟೆ. ಜಗಳವಾಡುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಹಾಗಂದ್ರೆ?" ಎಂದರು ಶೆಟ್ರು.

"ಮೂಕಿ ಸಿನಿಮಾ. ನಡುನಡುವೆ ಒಂದೊಂದು ಬರಹದ ಪಟ್ಟಿ."

"ಕಥೆ?"

ಕಥೆ ನನ್ನಲ್ಲಿತ್ತು. ನಮ್ಮ ಕಡೆ ಪಕ್ಕದ ಮನೆಯವರು ಏನಾದರೂ ಕೊಟ್ಟರೆ ಅವರ ಪಾತ್ರವನ್ನು ಖಾಲಿ ಹಿಂದೆ ಕೊಡುವ ಪದ್ಧತಿ ಇಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ನಾಲ್ಕು ಹರಳು ಉಪ್ಪಾದರೂ ಹಾಕಿ ಕೊಡಬೇಕು. ಹಾಗೆ ಒಂದು ಸ್ಟೀಲಿನ ಡಬ್ಬಿ ಗಲ್ಫಿಗೆ ಹೊಸದಾಗಿ ಬಂದವಳೊಬ್ಬಳ ಕೈಯಲ್ಲಿ ಮನೆಮನೆ ತಿರುಗಿ, ಎಲ್ಲಿಯೂ ಖಾಲಿಯಾಗದೆ, ಅವಳಿಗೆ ಇಲ್ಲಿ ನೆಂಟರನ್ನು ಮಾಡಿಕೊಡುತ್ತದೆ. ಇಷ್ಟೇ.

ಮೂರು ವಾರಾಂತ್ಯ ಚಿತ್ರೀಕರಣ ಮಾಡಿದೆವು. ಕ್ಯಾಮೆರಾ ಎಂದರೆ ನನ್ನ ಮೊಬೈಲು. ಡಬ್ಬಿ ಹಿಡಿದ ಹೊಸಬಳ ಪಾತ್ರಕ್ಕೆ ಹಾಜಿರಾ. ಮೊದಲ ದಿನ ಹೊಸ ಹೈಹೀಲ್ಡ್ ಹಾಕಿಕೊಂಡು ಬಂದಳು. ನಾನು ಲುದ್ವಿಕಾಳ ಕಾನೂನು ತೆಗೆದೆ.

"ಮನೆ ಚಪ್ಪಲಿ ಹಾಕು."

"ಐರಿನಕ್ಕ, ಸಿನಿಮಾದಲ್ಲಿ ಬಾತ್‌ರೂಮ್ ಚಪ್ಪಲಿಯಾ? ಊರಲ್ಲಿ ನಾದಿನಿಯರು ನೋಡ್ತಾರೆ, ಮರ್ಯಾದೆ ಹೋಗ್ತದೆ!"

"ನಾದಿನಿಯರು ಕಾಲು ನೋಡುವಷ್ಟು ನಿನ್ನ ಮುಖ ಬೋರಾದ್ರೆ ತಪ್ಪು ನಂದು. ಯಲ್ಲಾ, ಬೇಗ ಹಾಕು."

ಹಾಕಿದಳು. ನಾನು ಹಾಗೆ ಗದರಿದ್ದು ನನಗೇ ಆಶ್ಚರ್ಯ. ಆಫೀಸಿನಲ್ಲಿ ಪ್ರಿಂಟರಿಗೂ ಪ್ಲೀಸ್ ಎನ್ನುವ ಹೆಂಗಸು, ಮೊಬೈಲು ಕೈಗೆ ಬಂದದ್ದೇ "ಇನ್ನೊಮ್ಮೆ, ಸರಿಯಾಗ್ಲಿಲ್ಲ" ಎನ್ನತೊಡಗಿದ್ದೆ. ಅಷ್ಟು ಸಂತೋಷವನ್ನು ನಾನು ಕೆಲಸ ಮಾಡುತ್ತಾ ಎಂದೂ ಪಟ್ಟಿರಲಿಲ್ಲ. ಶೆಟ್ರು ಒಂದು ದಿನ ಹತ್ತು ನಿಮಿಷಕ್ಕೆ ಬಂದು, ತಮ್ಮ ಮಗನ ಮೊಬೈಲು ಸ್ಟ್ಯಾಂಡು ಕೊಟ್ಟು, ಚಿತ್ರೀಕರಣಕ್ಕೆಂದು ಮಾಡಿಟ್ಟ ನೀರುದೋಸೆಯಲ್ಲಿ ನಾಲ್ಕು ತಿಂದು ಹೋದರು.

ಇನ್ನು ತಪ್ಪಿನ ವಿಷಯ. ಬರಹದ ಪಟ್ಟಿಗಳನ್ನು ಆಫೀಸಿನ ಊಟದ ಬಿಡುವಿನಲ್ಲಿ ಕೂತು ಟೈಪ್ ಮಾಡಿದೆ. ಕೊನೆಯ ಪಟ್ಟಿಗೆ ಬಂದಾಗ ನನ್ನ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ನಿರ್ದೇಶನ ಎಂದು ಬರೆದು, ಅದರ ಮುಂದೆ ಅಧ್ಯಕ್ಷರ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ಅದರ ಕೆಳಗೆ, ಎಡಮೂಲೆಯಲ್ಲಿ, ಚಿಕ್ಕದಾಗಿ: ಟೈಪಿಂಗ್, ಐರಿನ್. ಸಂಘದಿಂದ ಹೊರಡುವ ಯಾವ ಕಾಗದವಿದ್ದರೂ ಹಾಗೆಯೇ ಅಲ್ಲವೇ? ಅದರಲ್ಲಿ ಏನಾದರೂ ವಿಶೇಷ ಇದೆ ಎಂದು ನನಗೆ ಅನಿಸಲೇ ಇಲ್ಲ.

ವಾರ್ಷಿಕೋತ್ಸವದಲ್ಲಿ ಜನ ಅತ್ತರು, ನಕ್ಕರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಸಾಲಾಗಿ ಹೋಗಿ ಶೆಟ್ರ ಕೈ ಕುಲುಕಿದರು. ಶೆಟ್ರು ಮೊದಲ ಇಬ್ಬರಿಗೆ "ಇಲ್ಲ, ಅದು ನಮ್ಮ ಬಾಯಿ..." ಎಂದು ಹೇಳಹೊರಟದ್ದನ್ನು ನಾನೇ ಕೇಳಿದ್ದೇನೆ. ಮೂರನೆಯವನು ಹೂವಿನ ಗುಚ್ಛ ಕೊಟ್ಟ. ಅಲ್ಲಿಂದ ಅವರು "ಹೌದು, ಹೌದು" ಎಂದರು. ಹೂಗುಚ್ಛ ಹಿಡಿದವನಿಗೆ ಅಲ್ಲ ಎನ್ನುವುದು ಕಷ್ಟ, ನನಗೆ ಅರ್ಥವಾಗುತ್ತದೆ.

ರಿಯಾಳಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಚಪ್ಪಲಿ ಬಿಚ್ಚುತ್ತಾ, ಅಪರೂಪಕ್ಕೆ ಕನ್ನಡದಲ್ಲಿ, "ಅವಳ ಮೇಲೆ ನಿನಗೆ ಸಿಟ್ಟು ಬಂದಿತ್ತಲ್ಲಾ ಮಮ್ಮಾ, ಆ ಲುದ್ವಿಕಾ ಮೇಲೆ?" ಎಂದಷ್ಟೇ ಹೇಳಿ ಕೋಣೆಗೆ ಹೋದಳು. ನಾನು ಬಾಗಿಲ ಹತ್ತಿರ ಒಂಟಿ ಚಪ್ಪಲಿಯಲ್ಲಿ ನಿಂತುಕೊಂಡೆ. ಆತ್ಮಕಥೆ ಬರೆಯುವ ಕಷ್ಟವನ್ನೂ ಯಜಮಾನನಿಗೆ ಕೊಡದೆ ಎಲ್ಲವನ್ನೂ ನಾನೇ ಟೈಪ್ ಮಾಡಿಕೊಟ್ಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ದುಬೈಯಲ್ಲಿ ಬೇರೆ ಬೇರೆ ದೇಶದವರ ಕಿರುಚಿತ್ರಗಳ ಒಂದು ಪ್ರದರ್ಶನಕ್ಕೆ, ಸಂಘದಿಂದ ಕಳಿಸಿದ್ದ ನಮ್ಮ ಡಬ್ಬಿಯ ಸಿನಿಮಾ ಆಯ್ಕೆಯಾಯಿತು. ಸಿನಿಮಾ ಮುಗಿದ ಮೇಲೆ ನಿರ್ದೇಶಕರು ವೇದಿಕೆಗೆ ಬಂದು ಪ್ರಶ್ನೆಗಳಿಗೆ ಉತ್ತರಿಸಬೇಕು, ಹೆಸರುಗಳಲ್ಲಿ ತಿದ್ದುಪಡಿ ಇದ್ದರೆ ಸೋಮವಾರದೊಳಗೆ ತಿಳಿಸಬೇಕು ಎಂದು ಸಂಘಕ್ಕೆ ಇ-ಮೇಲ್ ಬಂತು. ಸಂಘದ ಇ-ಮೇಲ್ ತೆರೆಯುವವಳೂ ನಾನೇ. ಸೋಮವಾರ ದಾಟಿದರೆ ಆ ಸಿನಿಮಾ ಮುಂದೆಂದೂ ನನ್ನದಾಗುವುದಿಲ್ಲ ಎಂದು ಸ್ಪಷ್ಟವಾಗಿ ಗೊತ್ತಿತ್ತು.

ಶೆಟ್ರಿಗೆ ಒಂದು ಪತ್ರ ಬರೆಯಲು ಕೂತೆ. ಕ್ರೇನು ಕೆಟ್ಟದ್ದಕ್ಕೆ ಮೂರು ದೇಶಗಳಿಗೆ ಪತ್ರ ಬರೆದು ಕ್ಷಮೆ ಕೇಳಿಸಿಕೊಂಡವಳಿಗೆ ತನ್ನ ಬಗ್ಗೆ ನಾಲ್ಕು ಸಾಲು ಬರಲೊಲ್ಲದು. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಸುರುಮಾಡಿದೆ. "ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ" ಎಂದು ಬರೆದು ಹಲ್ಲು ಕಚ್ಚಿ ಅಳಿಸಿದೆ. ಆರು ಕರಡು ಮಾಡಿದೆ. ಆರರಲ್ಲೂ ತಪ್ಪು ನನ್ನದೇ ಎಂದಿತ್ತು, ಸಿನಿಮಾ ನನ್ನದು ಎಂದು ಒಂದರಲ್ಲೂ ಇರಲಿಲ್ಲ. ಕೊನೆಗೆ ಭಾನುವಾರ ಗಂಡನಿಗೆ ಕಾರು ತೆಗೆಯಲು ಹೇಳಿದೆ. ಮಿರ್ದಿಫ್ ತಲುಪಿದಾಗ ಅವರು, "ನಾನು ಕಾರಲ್ಲೇ ಕೂತ್ಕೊಳ್ತೇನೆ, ಎಸಿ ಉಂಟು" ಎಂದರು. ಗಂಡಸರ ಧೈರ್ಯದ ಬಗ್ಗೆ ಇನ್ನೊಂದು ಪ್ರಬಂಧ ಬರೆಯಬಹುದು.

ಶೆಟ್ರು ತೋಟದಲ್ಲಿ ಕರಿಬೇವಿಗೆ ನೀರು ಹಾಕುತ್ತಿದ್ದರು. ಕೂತುಕೊಳ್ಳುವ ಮೊದಲೇ ಹೇಳಿದೆ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಧೈರ್ಯ ಹೋಗುತ್ತದೆ.

"ಶೆಟ್ರೇ, ಆ ಸಿನಿಮಾ ತೆಗ್ದದ್ದು ನಾನು."

"ಅದು ನನಗೆ ಗೊತ್ತಿಲ್ವಾ ಬಾಯಿ?"

"ನಿಮಗೆ ಗೊತ್ತುಂಟು. ನೋಡಿದವರಿಗೆ ಗೊತ್ತಿಲ್ಲ. ಹೆಸರು ಬದಲಿಸ್ಬೇಕು. ನಿಮ್ಮ ಹೆಸರು ಹಾಕಿದ್ದು ನಾನೇ, ತಪ್ಪು ನಂದೇ. ಆದ್ರೆ ಸಿನಿಮಾವೂ ನಂದೇ."

ಶೆಟ್ರು ಪೈಪು ಕೆಳಗಿಟ್ಟರು. ಬಾಗಿ ಕರಿಬೇವಿನ ಬುಡದ ಒಣ ಎಲೆ ಹೆಕ್ಕತೊಡಗಿದರು. "ಊರಲ್ಲಿ ಅಮ್ಮನಿಗೆ ಫೋನ್ ಮಾಡಿ ಹೇಳಿ ಆಗಿದೆ ಬಾಯಿ," ಎಂದರು ಮೆಲ್ಲಗೆ. "ಅವರು ಸಿಕ್ಕಿದವರಿಗೆಲ್ಲ ಹೇಳ್ತಾ ಇದ್ದಾರೆ. ನಾನು ಸಣ್ಣದಿರುವಾಗ ನಾಟಕದಲ್ಲಿ ಒಂದು ಪಾತ್ರ ಕೂಡ ಸಿಕ್ಕಿರ್ಲಿಲ್ಲ, ಗೊತ್ತುಂಟಾ?"

ನನ್ನ ಮನಸ್ಸು ಕರಗಿತು. ಹಳೆಯ ಐರಿನ್ ಆಗಿದ್ದರೆ ಅಲ್ಲಿಂದಲೇ ತಿರುಗಿ ಬರುತ್ತಿದ್ದಳು. ಆದರೆ ನನಗೆ ಬಟಾಣಿ ಸುಲಿಯುವ ಮುದುಕಿ ಕಣ್ಣ ಮುಂದೆ ಬಂದಳು.

"ಸ್ಟ್ಯಾಂಡ್ ನಿಮ್ದು, ಹಾಲ್ ಮಾಡಿ ಕೊಟ್ಟದ್ದು ನೀವು," ಎಂದೆ. "ನಿರ್ಮಾಪಕರು ಅಂತ ನಿಮ್ಮ ಹೆಸರು ಹಾಕ್ತೇನೆ. ಅದು ಸುಳ್ಳಲ್ಲ."

ಶೆಟ್ರು ತಲೆ ಎತ್ತಿದರು. "ನಿರ್ಮಾಪಕ ಅಂದ್ರೆ ನಿರ್ದೇಶಕನಿಗಿಂತ ದೊಡ್ಡದಲ್ವಾ?"

"ತುಂಬಾ ದೊಡ್ಡದು."

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. "ಬೇಗ ಬದಲಿಸಿ ಬಾಯಿ," ಎಂದರು. "ಇವರು ಎರಡನೇ ಸಿನಿಮಾದ ಕಥೆ ಹೇಳ್ಲಿಕ್ಕೆ ಸುರು ಮಾಡಿದ್ದಾರೆ. ಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ಲ." ಶೆಟ್ರೇ ಮೊದಲು ನಕ್ಕರು. ಆ ದಿನ ಎರಡು ಲೋಟ ಚಹಾ ಕುಡಿದೆ, ಗಂಡನಿಗೂ ಒಂದನ್ನು ಕಾರಿಗೆ ಕಳಿಸಿದೆವು.

ಪ್ರದರ್ಶನ ನಡೆದದ್ದು ಒಂದು ಸಣ್ಣ ಹಾಲಿನಲ್ಲಿ, ಮಧ್ಯಾಹ್ನ. ನಮ್ಮ ಸಂಘದವರು ಎರಡು ಸಾಲು, ಉಳಿದವರೆಲ್ಲ ಯಾವ ಯಾವ ದೇಶದವರೋ. ಸಿನಿಮಾ ಮುಗಿದು ನನ್ನ ಹೆಸರು ಕರೆದಾಗ ಮೆಟ್ಟಿಲು ಹತ್ತಿ ಹೋಗಿ ನಿಂತೆ. ಹಿಂದಿನ ಸಾಲಿನಿಂದ ಫಿಲಿಪ್ಪೀನ್ಸಿನ ಒಬ್ಬಳು ಹೆಂಗಸು, ನನ್ನದೇ ವಯಸ್ಸಿನವಳು, ಎದ್ದು ಇಂಗ್ಲಿಷಿನಲ್ಲಿ ಕೇಳಿದಳು. ಡಬ್ಬಿ ಹಿಡಿದವಳು ಮೊದಲ ಮನೆಯ ಬೆಲ್ ಒತ್ತದೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತಾಳೆ? ಅಷ್ಟು ಉದ್ದದ ದೃಶ್ಯ ಯಾಕೆ?

ನಾನು ಮೈಕ್ ಹಿಡಿದು, "ವಿತ್ ರೆಫರೆನ್ಸ್ ಟು ಯುವರ್ ಕ್ವೆಶ್ಚನ್," ಎಂದೆ. ಹಾಲೆಲ್ಲ ನಕ್ಕಿತು. ರಿಯಾ ಮುಖ ಮುಚ್ಚಿಕೊಂಡಳು. ನಗು ನಿಂತ ಮೇಲೆ ಪತ್ರದ ಭಾಷೆ ಬಿಟ್ಟು ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಈ ಊರಿಗೆ ಬಂದ ಮೊದಲ ಕ್ರಿಸ್ಮಸ್ಸಿಗೆ ನಾನು ಒಂದು ತಟ್ಟೆ ಕುಸ್ವಾರ್, ಅಂದರೆ ನಮ್ಮ ಹಬ್ಬದ ತಿಂಡಿ, ಹಿಡಿದು ಎದುರು ಮನೆಯ ಬಾಗಿಲ ಮುಂದೆ ನಿಂತಿದ್ದೆ. ಒಳಗೆ ಯಾರೋ ನಗುತ್ತಿದ್ದರು. ಅವರ ನಗುವಿಗೆ ನಾನು ಅಡ್ಡಿಯಾದೇನೋ ಎಂದು ಬೆಲ್ ಒತ್ತಲು ಕೈ ಬರಲಿಲ್ಲ. ಕೊನೆಗೂ ಒತ್ತುವ ಮೊದಲು ಎಷ್ಟು ಹೊತ್ತು ನಿಂತಿದ್ದೆನೋ ಅಷ್ಟೇ ಹೊತ್ತು ಹಾಜಿರಾಳನ್ನು ನಿಲ್ಲಿಸಿದೆ. ಇದನ್ನು ಗಂಡನಿಗೂ ಹೇಳಿರಲಿಲ್ಲ, ಇವತ್ತು ನಿಮಗೆ ಹೇಳುತ್ತಿದ್ದೇನೆ ಎಂದೆ.

ಆ ಹೆಂಗಸು ಕೂರಲಿಲ್ಲ. "ನಾನು ಬೆಲ್ ಒತ್ತದೆ ವಾಪಸು ಹೋದೆ, ಮೇಡಂ," ಎಂದಳು. "ಹನ್ನೊಂದು ವರ್ಷವಾಯಿತು."

"ಅವರು ಈಗಲೂ ಅದೇ ಮನೆಯಲ್ಲಿದ್ದಾರಾ?"

"ಇದ್ದಾರೆ."

"ಹಾಗಾದರೆ ಇವತ್ತು ಹೋಗಿ," ಎಂದೆ. ಅವಳು ಕಣ್ಣೊರೆಸಿಕೊಂಡು ಹೂಂ ಎಂದಳು. ಪಕ್ಕದಲ್ಲಿದ್ದ ಮುದುಕರೊಬ್ಬರು ತಮ್ಮ ಮೊದಲ ರಂಜಾನಿನ ಕಥೆ ಹೇಳಲು ಎದ್ದರು, ಅವರು ಮುಗಿಸುವ ಮೊದಲೇ ಇನ್ನೊಬ್ಬಳು ಕೈ ಎತ್ತಿದಳು. ನಾನು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಹೋದೆ. ಸಮಯ ಮುಗಿಯಿತೆಂದು ಆಯೋಜಕರು ಮೈಕ್ ತೆಗೆದುಕೊಳ್ಳಲು ಎರಡು ಸಲ ಬಂದರು. ಎರಡು ಸಲವೂ ನಾನು ಕೊಡಲಿಲ್ಲ.